ಹದಿನೈದನೆಯ ಸಾಲಿನ ರವಿಕೆ

ನಮ್ಮ ಮನೆಯ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿನ ಗುರುತುಗಳಿವೆ. ಎಲ್ಲವೂ ನನ್ನವೇ. ಹತ್ತಿರ ಹೋಗಿ ನೋಡಿದರೆ ಅರಿಶಿನದ ಒಂದೆರಡು ಗೆರೆ, ಹೋದ ವಾರದ ಚಕ್ಕುಲಿ ಹಿಟ್ಟಿನ ಒಂದು ಚುಕ್ಕೆ ಕೂಡ ಸಿಕ್ಕೀತು. ನಮ್ಮ ಯಜಮಾನರು ಪ್ರತಿ ಭಾನುವಾರ ಒದ್ದೆ ಬಟ್ಟೆ ಹಿಡಿದು ಅವನ್ನೆಲ್ಲ ಒರೆಸುತ್ತ, “ಕಂಪ್ಯೂಟರನ್ನ ಕಣ್ಣಲ್ಲಿ ನೋಡೋದು ಕಣೇ ಸುಮಿತ್ರಾ. ಮುಟ್ಟಿ ಮುಟ್ಟಿ ನೋಡೋಕೆ ಇದೇನು ಸಂತೆ ಬದನೆಕಾಯಾ?” ಅನ್ನುತ್ತಾರೆ. ನಾನು ತಪ್ಪಾಯಿತು ಅನ್ನುತ್ತೇನೆ. ಮಾರನೆಯ ದಿನ ಯಾವುದಾದರೂ ಪಟ್ಟಿ ತೆರೆದ ತಕ್ಷಣ ಬೆರಳು ತಾನಾಗಿಯೇ ಹೋಗಿ ಪರದೆಗೆ ಅಂಟಿಕೊಳ್ಳುತ್ತದೆ. ಅಂಟಿಕೊಳ್ಳದಿದ್ದರೆ ನಾನು ಸಾಲು ತಪ್ಪುತ್ತೇನೆ. ನಾನು ಸಾಲು ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ ಈ ನಾಲ್ಕೂ ಊರಿನ ಹೆಂಗಸರು ಬಲ್ಲರು.

ಸಾಲು ತಪ್ಪುವುದು ನನಗೆ ಹುಟ್ಟಿನಿಂದ ಬಂದ ಗುಣ. ಚಿಕ್ಕಂದಿನಲ್ಲಿ ತಾತ ಬೆಳಿಗ್ಗೆ ನನ್ನ ಕೈಗೆ ಸ್ತೋತ್ರದ ಪುಸ್ತಕ ಕೊಟ್ಟು, ತಾವು ಕಣ್ಣು ಮುಚ್ಚಿ ಕೇಳುತ್ತ ಕೂರುತ್ತಿದ್ದರು. ಆ ಪುಸ್ತಕದಲ್ಲಿ ಎಲ್ಲ ಸಾಲುಗಳೂ ಒಂದೇ ಥರ ಶುರುವಾಗುತ್ತಿದ್ದವು. ಮೂರನೆಯ ಸಾಲು ಓದಿ ಉಸಿರು ತೆಗೆದುಕೊಂಡು ಕಣ್ಣಿಳಿಸಿದರೆ ಅದು ಸೀದಾ ಒಂಬತ್ತನೆಯ ಸಾಲಿಗೆ ಹೋಗಿ ಬೀಳುತ್ತಿತ್ತು. ತಾತ ಕಣ್ಣು ತೆರೆಯದೆಯೇ, “ಮಧ್ಯೆ ಐದು ಜನ ದೇವರನ್ನ ಬಾಗಿಲಲ್ಲೇ ನಿಲ್ಲಿಸಿ ಬಂದೆಯಲ್ಲೇ ತಾಯಿ” ಅನ್ನುತ್ತಿದ್ದರು.

ದೇವರು ಹೇಗೋ ಸಹಿಸಿಕೊಂಡ. ಬೀಗರು ಸಹಿಸಿಕೊಳ್ಳಲಿಲ್ಲ. ಅರಕಲಗೂಡಿನಲ್ಲಿ ನಮ್ಮ ದೊಡ್ಡಪ್ಪನ ಮಗಳ ಮದುವೆ. ಒಬ್ಬಟ್ಟಿಗೆ ತುಪ್ಪ ಬಡಿಸುವ ಕೆಲಸ ನನ್ನದು. ಸಾಲಾಗಿ ಬಡಿಸುತ್ತ ಹೋದವಳು ಒಂದೇ ಒಂದು ಎಲೆ ದಾಟಿಬಿಟ್ಟೆ. ಆ ಎಲೆಯ ಮುಂದೆ ಕೂತಿದ್ದವರು ಗಂಡಿನ ಸೋದರಮಾವ. ಅವರು ಬಾಯಿ ಬಿಟ್ಟು ಕೇಳುವ ಜಾತಿಯಲ್ಲ. ಒಣ ಒಬ್ಬಟ್ಟಿನ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತರು. ಅವರ ಊಟ ಮುಗಿಯದೆ ಪಂಕ್ತಿ ಏಳುವಂತಿಲ್ಲ. ನಲವತ್ತು ಜನ ಒಣಗಿದ ಕೈ ಎತ್ತಿ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ಕಾಲು ಗಂಟೆ ಕೂತಿದ್ದರು. ನಾನು ಅಡುಗೆಮನೆಯಲ್ಲಿ, ಇವತ್ತಿನ ಬೀಗರು ಎಷ್ಟು ನಿಧಾನವಾಗಿ ಉಣ್ಣುತ್ತಾರಲ್ಲ ಎಂದು ಮೆಚ್ಚಿಕೊಳ್ಳುತ್ತಿದ್ದೆ.

ಇಂಥವಳನ್ನು, ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಪಾಠ ಹೇಳುತ್ತಿದ್ದ ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯವರು ಕಂಪ್ಯೂಟರ್ ಕಲಿತು ಬಾ ಎಂದು ಹಾಸನಕ್ಕೆ ಕಳಿಸಿದರು. ಹತ್ತು ಭಾನುವಾರಗಳ ತರಬೇತಿ. “ಅಡ್ಡಕ್ಕೆ ಹೋಗೋದು ರೋ, ಕೆಳಕ್ಕೆ ಇಳಿಯೋದು ಕಾಲಂ” ಎಂದು ಹೇಳಿಕೊಟ್ಟರು. ನಾನು ಬಸ್ಸಿನಲ್ಲಿ ಊರಿಗೆ ವಾಪಸು ಬರುವಾಗಲೂ ಸೀಟುಗಳನ್ನು ರೋ, ಕಾಲಂ ಎಂದು ಎಣಿಸಿ ಅಭ್ಯಾಸ ಮಾಡಿದೆ. ಸರ್ಟಿಫಿಕೇಟು ಬಂತು. ಶಾಲೆಗೆ ಒಂದು ಕಂಪ್ಯೂಟರೂ ಬಂತು. ಅದಕ್ಕೊಂದು ಕೋಣೆ, ಕಿಟಕಿಗೆ ಪರದೆ, ಮೈಗೆ ಲೇಸು ಹಚ್ಚಿದ ಹೊದಿಕೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮುಟ್ಟಲು ಧೈರ್ಯವಿದ್ದವಳು ನಾನೊಬ್ಬಳೇ ಆದದ್ದರಿಂದ ಇಡೀ ಶಾಲೆಗೆ ನಾನೇ ಪಂಡಿತೆಯಾದೆ.

ಅದಾಗಿ ಎರಡು ಮೂರು ವರ್ಷಕ್ಕೆ ನಮ್ಮ ಶಾಲೆಗೆ ಐವತ್ತು ತುಂಬಿತು. ನಮ್ಮ ಹೆಡ್‌ಮಿಸ್ಸು ಶಾಂತಾ ಮೇಡಂ ದೊಡ್ಡ ಸಮಾರಂಭ ಮಾಡಲು ಹೊರಟರು. ಈಗಿನ ಟೀಚರುಗಳು, ನಿವೃತ್ತರಾದವರು, ಬೇರೆ ಬೇರೆ ಊರು ಸೇರಿದ ಹಳೆಯ ವಿದ್ಯಾರ್ಥಿನಿಯರು ಎಲ್ಲ ಸೇರಿ ನಲವತ್ತಮೂರು ಜನ ಹೆಂಗಸರು ವೇದಿಕೆಯ ಮೇಲೆ ಸ್ವಾಗತ ಗೀತೆ ಹಾಡಬೇಕು. ಎಲ್ಲರಿಗೂ ಒಂದೇ ಥರದ ಹಸಿರು ಸೀರೆ, ಸಾಸಿವೆ ಬಣ್ಣದ ರವಿಕೆ. ಸೀರೆಯದೇನೂ ತೊಂದರೆಯಿಲ್ಲ, ಅದು ಎಲ್ಲರಿಗೂ ಆಗುತ್ತದೆ. ರವಿಕೆ ಹಾಗಲ್ಲ.

ಶಾಂತಾ ಮೇಡಮ್ಮಿನ ತವರು ಅರಕಲಗೂಡು. ಅಲ್ಲಿನ ಟೈಲರ್ ಪುಟ್ಟಸ್ವಾಮಣ್ಣನ ಹೊರತು ಇನ್ಯಾರಿಗೂ ಕತ್ತರಿ ಹಿಡಿಯಲು ಬರುವುದಿಲ್ಲ ಎಂಬುದು ಅವರ ನಂಬಿಕೆ. ನಲವತ್ತಮೂರು ಜನರನ್ನು ಅರಕಲಗೂಡಿಗೆ ಸಾಗಿಸಿ ಅಳತೆ ಕೊಡಿಸುವುದು ಆಗದ ಮಾತು. ಎಲ್ಲರೂ ಅಳತೆಯನ್ನು ನನಗೆ ಕಳಿಸುವುದು, ನಾನು ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿ ಪುಟ್ಟಸ್ವಾಮಣ್ಣನಿಗೆ ಕೊಡುವುದು ಎಂದು ತೀರ್ಮಾನವಾಯಿತು. ತೀರ್ಮಾನ ಬೇರೆ ಯಾರದೂ ಅಲ್ಲ, ನನ್ನದೇ. ಕೈ ಎತ್ತಿ ಹೇಳಿದೆ.

ಅಳತೆಗಳು ಬಂದ ರೀತಿಯನ್ನು ನೀವು ನೋಡಬೇಕಿತ್ತು. ಹಾಸನದಿಂದ ಪಂಕಜ ಫೋನು ಮಾಡಿ, ತಮ್ಮ ಅಂಕಿಗಳನ್ನು ಗೋಡೆಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದರು. ನನಗೆ ಕೇಳಿಸಲಿಲ್ಲ, ಮೂರು ಸಲ ಹೇಳಿಸಿದೆ. ಚನ್ನರಾಯಪಟ್ಟಣದ ಒಬ್ಬರು ಅಂಟು ಹಾಕಿದ ಲಕೋಟೆಯಲ್ಲಿ ಕಳಿಸಿದರು. ಬಿಚ್ಚಿದರೆ ‘ಮಧ್ಯಮ’ ಎಂದಷ್ಟೇ ಬರೆದಿತ್ತು. ನನಗೆ ಎಂಟನೆಯ ತರಗತಿಯಲ್ಲಿ ಕನ್ನಡ ಕಲಿಸಿದ, ನಿವೃತ್ತರಾಗಿ ಎಷ್ಟೋ ವರ್ಷವಾದರೂ ದನಿ ಮಾತ್ರ ನಿವೃತ್ತಿಯಾಗದ ರತ್ನಮ್ಮ ಟೀಚರ್ ಸ್ವತಃ ನಮ್ಮ ಮನೆಗೇ ಬಂದರು. ಹಾಡಿನ ಮೊದಲ ಸೊಲ್ಲನ್ನು ಎತ್ತಿಕೊಡಬೇಕಾದವರು ಅವರೇ. ನಾಲ್ಕು ಮಡಿಕೆಯ ಚೀಟಿಯೊಂದನ್ನು ನನ್ನ ಅಂಗೈಗೆ ಒತ್ತಿ, “ಓದಬೇಡ. ಬರೀ ಬರೆದುಕೋ” ಅಂದರು. ಓದದೆ ಬರೆದುಕೊಳ್ಳುವುದು ಹೇಗೆಂದು ಕೇಳುವ ಧೈರ್ಯ ನನಗೆ ಎಂಟನೆಯ ತರಗತಿಯಲ್ಲೂ ಇರಲಿಲ್ಲ.

ಶಾಂತಾ ಮೇಡಂ ನನ್ನನ್ನು ಕೋಣೆಗೆ ಕರೆದು ಎಚ್ಚರಿಸಿದರು. “ಸುಮಿತ್ರಾ, ಈ ಪಟ್ಟಿ ನಿನ್ನ ಕಣ್ಣು, ಪುಟ್ಟಸ್ವಾಮಿ ಕಣ್ಣು ಬಿಟ್ಟು ಮೂರನೇ ಕಣ್ಣಿಗೆ ಬೀಳಕೂಡದು. ಆ ಮೂರನೇ ಕಣ್ಣು ಶಿವನದ್ದೇ ಆದರೂ ಸರಿ.”

ಎಡವಟ್ಟಿಗೆ ಬೀಜ ಬಿದ್ದದ್ದು ಇಲ್ಲೇ. ಮಕ್ಕಳ ಅಂಕಪಟ್ಟಿ ಮಾಡುವಾಗ ಪಕ್ಕದಲ್ಲಿ ಒಬ್ಬರು ಕೂತು ಹೆಸರು ಓದುತ್ತಾರೆ, ಅಂಕ ಓದುತ್ತಾರೆ, ನಾನು ಒತ್ತುತ್ತ ಹೋಗುತ್ತೇನೆ. ಈ ಪಟ್ಟಿಗೆ ಆ ಭಾಗ್ಯವಿಲ್ಲ. ಒಬ್ಬಳೇ ಶಾಲೆಯ ಕಂಪ್ಯೂಟರ್ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಮೊದಲು ನಲವತ್ತಮೂರು ಹೆಸರುಗಳನ್ನೂ ಒಂದರ ಕೆಳಗೊಂದು ಒತ್ತಿ ಮುಗಿಸಿದೆ. ಕೊನೆಯ ಹೆಸರು ನನ್ನದು. ಆಮೇಲೆ ಅಳತೆಗಳು. ಒಬ್ಬೊಬ್ಬರಿಗೂ ಆರಾರು ಮನೆ. ಎದೆ, ಸೊಂಟ, ಭುಜ, ತೋಳು, ತೋಳಿನ ಸುತ್ತು, ಉದ್ದ. ಪರದೆಯೆಲ್ಲ ಬೆಳ್ಳಗೆ, ಗೆರೆಗಳು ಉಪವಾಸ ಬಿದ್ದವರ ಹಾಗೆ ತೆಳ್ಳಗೆ. ಎಡಗೈ ತೋರುಬೆರಳು ಅಳತೆ ಬರೆದುಕೊಂಡಿದ್ದ ನೋಟುಬುಕ್ಕಿನ ಮೇಲೆ, ಬಲಗೈ ಕೀಲಿಗಳ ಮೇಲೆ. ಹದಿನಾಲ್ಕು ಜನರದ್ದು ಮುಗಿಸಿ ಸೇವ್ ಮಾಡಿದೆ. ಕರೆಂಟು ಹೋಯಿತು.

ನಾನು ನೋಟುಬುಕ್ಕಿನಲ್ಲೇ ಗಾಳಿ ಬೀಸಿಕೊಳ್ಳುತ್ತ ಕೂತೆ. ಕರೆಂಟು ಬಂತು. ಹಾಳೆ ತಿರುವಿ ಹೊಸ ಪುಟದ ಮೊದಲ ಸಾಲಿನಿಂದ ಶುರು ಮಾಡಿದೆ. ಹಳೆಯ ಪುಟದ ಕೊನೆಯಲ್ಲಿ ಒಂದು ಸಾಲು ಉಳಿದುಹೋಗಿತ್ತು. ಅದು ಹದಿನೈದನೆಯದು, ರತ್ನಮ್ಮ ಟೀಚರದ್ದು. ಅವರ ಮನೆಗಳಿಗೆ ಹದಿನಾರನೆಯವಳ ಅಳತೆ ಹೋಯಿತು, ಹದಿನಾರನೆಯವಳ ಮನೆಗೆ ಹದಿನೇಳನೆಯವರದ್ದು, ಹೀಗೇ ಎಲ್ಲರೂ ಒಂದೊಂದು ಮನೆ ಜಾರುತ್ತ ಹೋದರು. ಬುಕ್ಕಿನ ಅಂಕಿಗಳೆಲ್ಲ ಮುಗಿದಾಗ ಪರದೆಯಲ್ಲಿ ಒಂದು ಸಾಲು ಖಾಲಿಯಿತ್ತು. ನೋಡಿದರೆ ನನ್ನ ಹೆಸರು. ‘ಅಯ್ಯೋ, ಎಲ್ಲರದ್ದೂ ಬರೆದು ನನ್ನದನ್ನೇ ಮರೆತೆನಲ್ಲ, ಎಂಥ ನಿಸ್ವಾರ್ಥಿ ನಾನು’ ಎಂದು ನನಗೇ ಹೆಮ್ಮೆಯಾಯಿತು. ಬಾಯಿಪಾಠವಿದ್ದ ನನ್ನ ಅಳತೆ ತುಂಬಿಸಿದೆ. ಅದೇ ಆರು ಅಂಕಿಗಳನ್ನು ಒಂದು ನಿಮಿಷದ ಹಿಂದೆ ಮೇಲಿನ ಸಾಲಿನಲ್ಲಿ ನಾನೇ ಒತ್ತಿದ್ದೆ ಎಂಬುದು ಹೊಳೆಯಲಿಲ್ಲ.

ಮುದ್ರಣ ತೆಗೆದೆ. ನಮ್ಮ ಪ್ರಿಂಟರು ಕಿರ್ರೋ ಎಂದು ಅಂಕಿಗಳನ್ನು ಉದುರಿಸಿತು. ಗೆರೆಯಿಲ್ಲ, ಬಣ್ಣವಿಲ್ಲ, ಹಾಳೆ ತುಂಬ ಇರುವೆ ಹರಿದ ಹಾಗೆ. ಬೆರಳಿಟ್ಟು ತಾಳೆ ನೋಡಿದೆ. ಹಾಳೆ ತಿರುವುವ ಜಾಗಕ್ಕೆ ಬಂದಾಗ ಮತ್ತೆ ಅದೇ ಸಾಲು ದಾಟಿದೆ. ಎಲ್ಲವೂ ತಾಳೆಯಾಯಿತು. ಮೂರನೇ ಕಣ್ಣಿಗೆ ಬೀಳದಿರಲೆಂದು ನೋಟುಬುಕ್ಕನ್ನೂ ಚೀಟಿಗಳನ್ನೂ ಬಚ್ಚಲ ಒಲೆಗೆ ಹಾಕಿ ಆ ನೀರಿನಲ್ಲೇ ಸ್ನಾನ ಮಾಡಿದೆ.

ಸಮಾರಂಭದ ದಿನ ಬೆಳಿಗ್ಗೆ ಒಂಬತ್ತಕ್ಕೆ ಪುಟ್ಟಸ್ವಾಮಣ್ಣ ಗಂಟು ಹೊತ್ತು ಬಂದರು. ಒಂದೊಂದು ರವಿಕೆಗೂ ಹೆಸರಿನ ಚೀಟಿ ಚುಚ್ಚಿತ್ತು. ಏಳನೆಯ ತರಗತಿಯ ಕೋಣೆ ನಮ್ಮ ಬಣ್ಣದ ಮನೆ. ಅವರು ಹೊರಗೆ ಜಗುಲಿಯ ಮೇಲೆ ಕೂತರು. ನಮ್ಮ ಶಾಲೆಯ ಆಯಾ, ಹಳೇಕೋಟೆಯ ಕಾಳಮ್ಮ, ರವಿಕೆಗಳನ್ನು ಒಳಗೆ ಹಂಚಿದಳು. ಮೊದಲ ಹದಿನಾಲ್ಕು ಜನ ತೊಟ್ಟು ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡರು. ಹದಿನೈದನೆಯವರ ದನಿ ಕೇಳಿತು.

“ಸುಮಿತ್ರಾ, ಈ ರವಿಕೆ ನನ್ನ ಒಂದು ತೋಳಿಗೆ ಸರಿಯಾಗಿದೆ. ಇನ್ನೊಂದು ತೋಳಿಂದು ಯಾವಾಗ ಕೊಡ್ತಾನಂತೆ?” ರತ್ನಮ್ಮ ಟೀಚರ್ ರವಿಕೆಯನ್ನು ಎರಡು ಬೆರಳಿನಲ್ಲಿ ಹಿಡಿದು ನಿಂತಿದ್ದರು.

ಅವರ ಹಿಂದೆ ನಮ್ಮ ಆಟದ ಟೀಚರ್ ನಳಿನಿ, ನುಗ್ಗೆಕಾಯಿಯಂಥ ಹುಡುಗಿ, ರವಿಕೆಯೊಳಗಿನಿಂದ ಇಣುಕಿ, “ಮೇಡಂ, ಇದರೊಳಗೆ ನಾನು ಕಬಡ್ಡಿ ಆಡಿಸಬಹುದು” ಅಂದಳು. ಅವಳ ಹಿಂದೆ ಹಾಸನದ ಪಂಕಜ, ಮೊಣಕೈಯವರೆಗೆ ಹೋಗಿ ಸಿಕ್ಕಿಕೊಂಡ ತೋಳನ್ನು ಬಿಡಿಸಲಾಗದೆ ಕಾಳಮ್ಮನನ್ನು ಕೂಗುತ್ತಿದ್ದರು. ಅಲ್ಲಿಂದಾಚೆ ಒಬ್ಬರದ್ದೂ ಆಗುತ್ತಿಲ್ಲ. ಕೋಣೆಯಲ್ಲಿ ಕೋಲಾಹಲ. ಶಾಂತಾ ಮೇಡಂ ಕೆಂಪಗಾಗಿ ಜಗುಲಿಗೆ ನುಗ್ಗಿದರು.

“ಏನ್ರೀ ಪುಟ್ಟಸ್ವಾಮಿ ಇದು? ಮುಖ್ಯ ಅತಿಥಿಗಳು ಇನ್ನರ್ಧ ಗಂಟೆಗೆ ಬರ್ತಾರೆ! ಕಣ್ಣು ಮುಚ್ಚಿಕೊಂಡು ಹೊಲಿದಿರಾ? ಇನ್ನು ನಮ್ಮ ಪೈಕಿ ಒಬ್ಬಳಾದರೂ ನಿಮ್ಮ ಅಂಗಡಿ ಮೆಟ್ಟಿಲು ಹತ್ತಿದರೆ ಕೇಳಿ!”

ಪುಟ್ಟಸ್ವಾಮಣ್ಣ ಎದ್ದು ನಿಂತರು. ಕೈಯಲ್ಲಿ ನನ್ನ ಪಟ್ಟಿ ಇತ್ತು. “ಪಟ್ಟೀಲಿ ಎಂಗೈತೋ ಅಂಗೇ ಒಲ್ದಿವ್ನಿ ಕಣವ್ವಾ. ಒಂದು ನೂಲು ಎಚ್ಚು ಕಮ್ಮಿ ಇದ್ರೆ ಕತ್ರಿ ಇಡಿಯೋದೇ ಬುಟ್ಬುಡ್ತೀನಿ. ನಾಕೂರೋರ ಮುಂದೆ ನನ್ನ ಎಸ್ರು ಓಯ್ತಲ್ಲವ್ವಾ.”

ಅಷ್ಟರಲ್ಲಿ ನಾನು ನನ್ನ ರವಿಕೆ ತೊಟ್ಟು ಬಾಗಿಲಿಗೆ ಬಂದಿದ್ದೆ. ಕಾಳಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿಯೇಬಿಟ್ಟಳು. “ಸುಮಿತ್ರವ್ವಾ, ನಿಮ್ದೊಂದು ಎಂಗವ್ವಾ ಅಚ್ಚಲ್ಲಿ ಉಯ್ದಂಗೆ ಕುಂತದೆ?”

ಇಡೀ ಕೋಣೆ ತಿರುಗಿ ನನ್ನ ರವಿಕೆಯನ್ನು ನೋಡಿತು. ನಾನೂ ನೋಡಿಕೊಂಡೆ. ಪುಟ್ಟಸ್ವಾಮಣ್ಣ ಪಟ್ಟಿಯನ್ನು ಜಗುಲಿಯ ಮೇಲೆ ಹರಡಿ, ತಮ್ಮ ಟೇಪನ್ನು ಒಂದು ಸಾಲಿನ ಕೆಳಗೆ ಉದ್ದಕ್ಕೆ ಇಟ್ಟು ಹಿಡಿದರು. “ನೀವೇ ನೋಡ್ರವ್ವಾ. ನಳಿನಿ ಅನ್ನೋರು. ಸೊಂಟ...”

“ಓದಬೇಡಿ!” ಎಂದು ಕಿರುಚಿ ನಾನೇ ಬಗ್ಗಿ ನೋಡಿದೆ. ಟೇಪಿನ ಮೇಲೆ ಆ ಸಾಲು ಒಂಟಿಯಾಗಿ, ಸ್ಪಷ್ಟವಾಗಿ ಕೂತಿತ್ತು. ನಳಿನಿಯ ಹೆಸರಿನ ಮುಂದೆ ಇದ್ದ ಅಂಕಿಗಳನ್ನು ನಾನು ಫೋನಿನಲ್ಲಿ ಮೂರು ಸಲ ಕೇಳಿಸಿಕೊಂಡಿದ್ದೆ. ಅವು ಪಂಕಜ ಅವರವು.

ಸುಮ್ಮನಿದ್ದುಬಿಡಲೇ ಅನ್ನಿಸಿತು. ಸುಳ್ಳೇಕೆ, ಒಂದು ಕ್ಷಣವಲ್ಲ, ಮೂರು ನಾಲ್ಕು ಕ್ಷಣ ಹಾಗೆಯೇ ಅನ್ನಿಸಿತು. ನೋಟುಬುಕ್ಕು ಬೂದಿಯಾಗಿದೆ, ಪಟ್ಟಿ ಓದುವ ಹಕ್ಕು ಬೇರೆ ಯಾರಿಗೂ ಇಲ್ಲ, ಕಂಪ್ಯೂಟರು ಬಾಯಿ ಬಿಡುವುದಿಲ್ಲ. ಆದರೆ ಪುಟ್ಟಸ್ವಾಮಣ್ಣ ತಲೆ ತಗ್ಗಿಸಿ, ತಮ್ಮ ತಪ್ಪು ಎಲ್ಲಿದೆಯೋ ಎಂದು ಆ ಇರುವೆ ಸಾಲುಗಳಲ್ಲಿ ಪ್ರಾಮಾಣಿಕವಾಗಿ ಹುಡುಕುತ್ತಿದ್ದರು. ಅದನ್ನು ನೋಡಲಾಗಲಿಲ್ಲ.

“ಮೇಡಂ, ಅವರದ್ದೇನೂ ತಪ್ಪಿಲ್ಲ. ನಾನು ಸಾಲು ತಪ್ಪಿದೆ” ಅಂದೆ.

ಶಾಂತಾ ಮೇಡಂ ನನ್ನನ್ನು ಬೈಯಲು ಬಾಯಿ ತೆರೆದರು. ಗಡಿಯಾರ ನೋಡಿ ಮುಚ್ಚಿದರು. “ಬೈಗುಳ ಆಮೇಲೆ. ಈಗೇನು ಮಾಡೋದು ಹೇಳು.”

ನಾನು ಬೆಂಚಿನ ಮೇಲೆ ಹತ್ತಿದೆ. “ಹದಿನೈದರಿಂದ ಕೊನೆಯವರೆಗೆ ಎಲ್ಲರೂ ನಾನು ಹೆಸರು ಕೂಗಿದ ಹಾಗೆ ಸಾಲಾಗಿ ನಿಂತುಕೊಳ್ಳಿ. ನಿಮ್ಮ ಕೈಲಿರೋ ರವಿಕೆಯನ್ನ ನಿಮ್ಮ ಹಿಂದಿರೋರಿಗೆ ಕೊಡಿ. ಒಂದೇ ಸಲ, ಒಂದೇ ಮನೆ.” ಒಂದು ಅಂಕಿಯನ್ನೂ ಬಾಯಿ ಬಿಟ್ಟು ಓದದೆ ರವಿಕೆಗಳು ಕೈಯಿಂದ ಕೈಗೆ ಹೋದವು. ಯಾರ ಗುಟ್ಟೂ ಹೊರಬೀಳಲಿಲ್ಲ ಎಂದು ನಾನು ಬೆನ್ನು ತಟ್ಟಿಕೊಂಡೆ. ಹಿಂದಿನವರ ಗುಟ್ಟನ್ನು ಮುಂದಿನವರು ಕೈಯಲ್ಲೇ ಎತ್ತಿ ನೋಡಿದ್ದಾರೆಂದು ತಿಳಿದದ್ದು ಸಂಜೆ, ನಾಲ್ಕು ಊರಿನ ಬಸ್ಸುಗಳೂ ಹೊರಟ ಮೇಲೆ.

ಎಲ್ಲರಿಗೂ ಆಯಿತು. ಸಾಲಿನ ಕೊನೆಯಲ್ಲಿ ನಿಂತ ನನ್ನ ಹತ್ತಿರ ಎರಡು ರವಿಕೆ. ಸಾಲಿನ ತಲೆಯಲ್ಲಿ ನಿಂತ ರತ್ನಮ್ಮ ಟೀಚರ ಕೈ ಖಾಲಿ.

ನನಗೆ ಅಳು ಬಂತು. ಅವರು ಮನೆಯಿಂದ ತೊಟ್ಟು ಬಂದಿದ್ದ ಹಳೆಯ ಕುಂಕುಮ ಬಣ್ಣದ ರವಿಕೆಯಲ್ಲೇ ಇದ್ದರು. “ಅಳಬೇಡ, ಕಣ್ಣುಕಪ್ಪು ಕೆಳಗಿಳಿದು ಮೀಸೆ ಆಗತ್ತೆ” ಎಂದು ಹಸಿರು ಸೀರೆಯ ಸೆರಗನ್ನು ಎಳೆದು ಸಿಕ್ಕಿಸಿಕೊಂಡರು. “ನಾನು ಮಧ್ಯದಲ್ಲಿ ನಿಲ್ತೀನಿ. ನಡೀರಿ ಎಲ್ಲ.”

ನಡೆದೆವು. ಸಾಸಿವೆ ಬಣ್ಣದ ಮಧ್ಯೆ ಅದೊಂದು ಕುಂಕುಮ. ಅವರು ಮೊದಲ ಸೊಲ್ಲು ಎತ್ತಿದ ಕೂಡಲೇ ಸಭೆ ಗಪ್ಪಾಯಿತು. ಭಾಷಣದಲ್ಲಿ ಮುಖ್ಯ ಅತಿಥಿಗಳು, “ಗುರುವಿಗೆ ಒಂದು ಬಣ್ಣ, ಸುತ್ತ ನಿಂತ ಶಿಷ್ಯೆಯರಿಗೆ ಇನ್ನೊಂದು ಬಣ್ಣ. ಇಂಥ ಸೂಕ್ಷ್ಮವಾದ ಕಲ್ಪನೆ ಯಾರಿಗೆ ಹೊಳೆಯಿತೋ, ಅವರಿಗೆ ನಮಸ್ಕಾರ” ಎಂದರು. ಶಾಂತಾ ಮೇಡಂ ಎದ್ದು ನಿಂತು ವಿನಯದಿಂದ ಕೈ ಮುಗಿದರು.

ಸೋಮವಾರ ನಾನು ಕಂಪ್ಯೂಟರಿನ ಮುಂದೆ ಮಕ್ಕಳ ಅಂಕಪಟ್ಟಿ ತೆರೆದು, ಮುಟ್ಟಲು ಭಯಪಟ್ಟು ಕೂತಿದ್ದೆ. ಕಸ ಗುಡಿಸಲು ಬಂದ ಕಾಳಮ್ಮ ಪೊರಕೆ ಊರಿಕೊಂಡು ಪರದೆಯನ್ನು ದಿಟ್ಟಿಸಿದಳು.

“ಅಲ್ಲವ್ವಾ, ಇಷ್ಟೊಂದು ಸಾಲು ಒಂದೇ ಬಣ್ಣಕ್ಕಿದ್ರೆ ಕಣ್ಣು ಎಲ್ಲಿ ನಿಲ್ತದೆ? ನಾವು ರಾಗಿ ಬಿತ್ತುವಾಗ ಅಷ್ಟಷ್ಟು ಸಾಲಿಗೆ ಒಂದು ಅಕ್ಕಡಿ ಸಾಲು ಬುಡ್ತೀವಿ. ಅದ್ರಲ್ಲಿ ಅವರೆ ಆಕ್ತೀವಿ. ಅದೇ ಗುರ್ತು ಇಡ್ಕಂಡು ಎಷ್ಟು ಸಾಲು ಕಳೆ ತೆಗುದ್ವಿ ಅಂತ ಏಳ್ತೀವಿ. ನಿಮ್ದೂ ಅಂಗೇ ಮಾಡಿ.”

ಹತ್ತು ಭಾನುವಾರ ಹಾಸನಕ್ಕೆ ಬಸ್ಸು ಹತ್ತಿದರೂ ನನಗೆ ಯಾರೂ ಇದನ್ನು ಹೇಳಿರಲಿಲ್ಲ. ಗುಂಡಿಗಳನ್ನು ಒಂದೊಂದಾಗಿ ತಡಕಾಡಿ, ಐದೈದು ಸಾಲಿಗೆ ಒಂದು ಸಾಲನ್ನು ತಿಳಿಹಸಿರು ಮಾಡಿದೆ. ತಡಕಾಡುವಾಗ ಇನ್ನೂ ಕೆಲವು ಸಿಕ್ಕವು. ಸಾಲುಗಳನ್ನು ಕೊಂಚ ಎತ್ತರ ಮಾಡಿದರೆ ಅಂಕಿಗಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಶಿಫ್ಟು ಹಿಡಿದು ಸ್ಪೇಸು ಒತ್ತಿದರೆ ನಾವಿರುವ ಸಾಲು ಈ ತುದಿಯಿಂದ ಆ ತುದಿಯವರೆಗೆ ಬಣ್ಣ ತಿರುಗಿ ‘ನಾನಿಲ್ಲಿದ್ದೇನೆ’ ಅನ್ನುತ್ತದೆ. ಹೆಸರಿನ ಕಾಲಮನ್ನು ಗೂಟಕ್ಕೆ ಕಟ್ಟಿದ ಹಾಗೆ ನಿಲ್ಲಿಸಬಹುದು, ಪಟ್ಟಿ ಬಲಕ್ಕೆ ಎಷ್ಟು ದೂರ ಓಡಿದರೂ ಅದು ಅಲುಗುವುದಿಲ್ಲ. ಕಾಳಮ್ಮನಿಗೆ ಹಸಿರು ಸಾಲುಗಳನ್ನು ತೋರಿಸಿದೆ. “ಈಗ ಒಲ ಕಂಡಂಗಾಯ್ತು” ಎಂದು ಕಸ ಗುಡಿಸತೊಡಗಿದಳು.

ತಿಂಗಳು ಕಳೆಯಿತು. ರತ್ನಮ್ಮ ಟೀಚರ್ ಒಂದು ದಿನ ಮನೆಗೆ ಬಂದರು. ಕಾಫಿ ಕುಡಿದರು. ಯಜಮಾನರು ಹೊರಗೆ ಹೋದರೆಂದು ಖಾತ್ರಿ ಮಾಡಿಕೊಂಡು, ಬಾಗಿಲು ಮುಂದೆ ಮಾಡಿ, ನನ್ನ ಪಕ್ಕ ಕೂತರು.

“ನೀನು ಇನ್ನೂ ಅದನ್ನೇ ಯೋಚನೆ ಮಾಡ್ತಿದೀಯಂತೆ. ಶಾಂತಾ ಹೇಳಿದಳು.”

“ಹೌದು ಟೀಚರ್. ನಿಮ್ಮೊಬ್ಬರಿಗೇ ಅನ್ಯಾಯ ಮಾಡಿದೆ.”

“ಅನ್ಯಾಯವಂತೆ!” ಅವರು ಸೀರೆಯ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. “ನಾನು ನಿನಗೆ ಕೊಟ್ಟಿದ್ದೆನಲ್ಲ ಚೀಟಿ, ಅದು ನನ್ನ ಮದುವೆ ಕಾಲದ ಅಳತೆ ಕಣೇ. ಈಗಿಂದು ಬರೆಯೋಕೆ ಕೈ ಬರಲಿಲ್ಲ. ನೀನು ಸಾಲು ತಪ್ಪದೇ ಇದ್ದಿದ್ರೆ ಎಲ್ಲರ ರವಿಕೆಯೂ ಸರಿಯಾಗಿ, ನನ್ನದೊಂದೇ ಕೆಟ್ಟು, ನಲವತ್ತೆರಡು ಜನರ ಮುಂದೆ ನನ್ನ ಬಂಡವಾಳ ಬಯಲಾಗ್ತಿತ್ತು. ಆ ದೇವರೇ ಕರೆಂಟು ತೆಗೆಸಿದ.”

ಹೋಗುವಾಗ ಇನ್ನೊಂದು ಚೀಟಿ ಕೊಟ್ಟರು. “ಇದು ನಿಜವಾದ್ದು. ಪುಟ್ಟಸ್ವಾಮಿಗೆ ನೀನೇ ಹೋಗಿ ಬಾಯಲ್ಲಿ ಹೇಳು. ಕಂಪ್ಯೂಟರಿಗೆ ಮಾತ್ರ ಹಾಕಬೇಡ ಮಾರಾಯ್ತಿ.”

ಭಾನುವಾರ ಅರಕಲಗೂಡಿಗೆ ಬಸ್ಸು ಹತ್ತಿದೆ. ಪುಟ್ಟಸ್ವಾಮಣ್ಣನ ಮುಖ ನೋಡಲು ನನಗೆ ಇನ್ನೂ ಸಂಕೋಚ. ಅಂಗಡಿಯ ಮೆಟ್ಟಿಲ ಮೇಲೆ ನಿಂತು, “ರತ್ನಮ್ಮ ಟೀಚರದ್ದೊಂದು ರವಿಕೆ ಬಾಕಿ ಇತ್ತಲ್ಲ, ಅಳತೆ ತಂದಿದೀನಿ” ಅಂದೆ.

ಅವರು ಮಿಷಿನ್ನಿನಿಂದ ಎದ್ದು, ಗೋಡೆಯ ಬೀರು ತೆರೆದು, ಕಾಗದದಲ್ಲಿ ಸುತ್ತಿದ ಒಂದು ಸಾಸಿವೆ ಬಣ್ಣದ ರವಿಕೆಯನ್ನು ತೆಗೆದು ನನ್ನ ಮುಂದೆ ಇಟ್ಟರು.

“ಅವತ್ತೇ ಸಂಜೆ ಊರಿಗೆ ಬಂದು ಒಲ್ದಿಕ್ಕಿವ್ನಿ ಕಣವ್ವಾ. ಕೆಳಗಡೆ ಕುಂತು ಪದ ಕೇಳ್ತಿದ್ದೆ. ಆವಮ್ಮ ನಿಂತಿದ್ ನೋಡ್ದೆ, ಅಷ್ಟೇಯ. ಯಾರಾದ್ರೂ ಬತ್ತಾರೆ ಅಂತ ಮಡಿಗಿದ್ದೆ.”

ಅವರ ಟೇಪು ತೆಗೆದುಕೊಂಡು ಆ ರವಿಕೆಯನ್ನು ಎದೆಯಿಂದ ಉದ್ದದವರೆಗೆ ಆರೂ ಕಡೆ ನಿಧಾನವಾಗಿ ಅಳೆದೆ. ಆಮೇಲೆ ಚೀಟಿಯನ್ನು ಬಿಚ್ಚಿ ಒಂದು ಸಲ ನೋಡಿ, ಟೀಚರ್ ಈ ಸಲವೂ ಒಂದೆರಡು ಇಂಚು ಕಮ್ಮಿ ಬರೆದದ್ದು ಪುಟ್ಟಸ್ವಾಮಣ್ಣನಿಗೆ ಕಾಣದ ಹಾಗೆ ಮಡಚಿ, ಬ್ಯಾಗಿನ ತಳಕ್ಕೆ ಹಾಕಿಕೊಂಡೆ.